ದಿನಾಂಕ ಮುದ್ರಿಸುವಾಗ ಐದೂವರೆ ಗಂಟೆ ತಪ್ಪದಿರಲು: ಟೈಮ್‌ಝೋನ್ ಹೆಸರು, ಆಫ್‌ಸೆಟ್ ಬಳಸುವ ಕ್ರಮ

"ನನ್ನ ಲ್ಯಾಪ್‌ಟಾಪ್‌ನಲ್ಲಿ ಟೈಮ್ ಸರಿಯಾಗೇ ಬರುತ್ತೆ, ಸರ್ವರ್‌ಗೆ ಹಾಕಿದ್ರೆ ಐದೂವರೆ ಗಂಟೆ ಹಿಂದೆ ಹೋಗುತ್ತೆ." ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಹಾಲಿನ ಸಂಘ, ಮಂಡಿ, ಸೋಲಾರ್ ಘಟಕ, ಬಿಡಿಭಾಗದ ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೊಂದು: "ಐಎಸ್‌ಟಿ ಅಂತ ಕೊಟ್ಟಿದ್ದೀನಿ, ಆದ್ರೂ ಮೂರೂವರೆ ಗಂಟೆ ವ್ಯತ್ಯಾಸ ಬರ್ತಿದೆ."

ಸಾಮಾನ್ಯವಾಗಿ ಎಲ್ಲರೂ ಮಾಡುವ ಮದ್ದು, ಕೋಡ್‌ನಲ್ಲಿ 330 ನಿಮಿಷ ಕೂಡಿಸಿಬಿಡುವುದು. ದಯವಿಟ್ಟು ಬೇಡ. ಪರದೆಯ ಮೇಲೆ ಇವತ್ತು ಸರಿ ಕಾಣುತ್ತದೆ. ಮುಂದೆ ಯಾರೋ ಸರ್ವರ್‌ನ ಸೆಟ್ಟಿಂಗ್ ಸರಿಪಡಿಸಿದ ದಿನ ಗಡಿಯಾರ ಐದೂವರೆ ಗಂಟೆ ಮುಂದಕ್ಕೆ ಓಡುತ್ತದೆ, ಅಷ್ಟರಲ್ಲಿ ಡೇಟಾಬೇಸ್‌ನಲ್ಲಿ ಎರಡು ಬಗೆಯ ಸಾಲುಗಳು ಕಲೆತುಹೋಗಿರುತ್ತವೆ. ಅದನ್ನು ಬಿಡಿಸುವ ದಾರಿಯನ್ನು ಕೊನೆಯ ಹಂತದಲ್ಲಿ ಹೇಳಿದೆ. ಆ ಹಂತದ ಅಗತ್ಯವೇ ಬೀಳದಿದ್ದರೆ ಒಳ್ಳೆಯದು.

ಒಂದು ಸೂಚನೆ: ಇಲ್ಲಿ ಝೋನ್ ಹೆಸರು, ಫಂಕ್ಷನ್ ಹೆಸರು, ಅಕ್ಷರಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆದಿದೆ. ಕೋಡ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು. ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸ ಈ ವಿಷಯದಲ್ಲಿ ಅರ್ಥವನ್ನೇ ಬದಲಿಸುವುದರಿಂದ ಬೇಕಾದಲ್ಲೆಲ್ಲ ಅದನ್ನು ಹೇಳಿದೆ.

ಮೊದಲು ನಾಲ್ಕು ಪದ

ಯುಟಿಸಿ: ಜಗತ್ತಿಗೆಲ್ಲ ಒಂದೇ ಆದ ಉಲ್ಲೇಖ ಸಮಯ. ಬಹುತೇಕ ಕ್ಲೌಡ್ ಸರ್ವರ್‌ಗಳ ಗಡಿಯಾರ ಇದರಲ್ಲೇ ಓಡುತ್ತದೆ.

ಆಫ್‌ಸೆಟ್: ಒಂದು ನಿರ್ದಿಷ್ಟ ಕ್ಷಣದಲ್ಲಿ ಸ್ಥಳೀಯ ಗಡಿಯಾರ ಯುಟಿಸಿಗಿಂತ ಎಷ್ಟು ಮುಂದೆ ಅಥವಾ ಹಿಂದೆ ಇದೆ ಎನ್ನುವ ಅಂಕಿ. ನಮ್ಮದು +05:30, ಜಪಾನಿನದು +09:00, ನೇಪಾಳದ್ದು +05:45.

ಝೋನ್ ಹೆಸರು: ಏಷ್ಯಾ/ಕೋಲ್ಕತಾ, ಯುರೋಪ್/ಬರ್ಲಿನ್ ಥರದ್ದು. ಇದು ಅಂಕಿಯಲ್ಲ, ನಿಯಮಗಳ ಕಡತ. ಯಾವ ಕಾಲದಲ್ಲಿ ಆ ಊರಿನ ಆಫ್‌ಸೆಟ್ ಎಷ್ಟಿತ್ತು, ಯಾವ ದಿನ ಬದಲಾಯಿತು, ಮುಂದೆ ಯಾವಾಗ ಬದಲಾಗುತ್ತದೆ ಎನ್ನುವುದೆಲ್ಲ ಅದರಲ್ಲಿರುತ್ತದೆ.

ಸಂಕ್ಷೇಪ: ಐಎಸ್‌ಟಿ, ಪಿಎಸ್‌ಟಿ, ಸಿಇಟಿ. ಇವು ಮನುಷ್ಯರ ಕಣ್ಣಿಗೆ ಮಾತ್ರ. ಐಎಸ್‌ಟಿ ಎಂದರೆ ಭಾರತದ ಸಮಯ ಆಗಬಹುದು, ಇಸ್ರೇಲಿನದಾಗಬಹುದು, ಐರ್ಲೆಂಡಿನದೂ ಆಗಬಹುದು.

ಹೆಸರು ಮತ್ತು ಕ್ಷಣ ಎರಡೂ ಇದ್ದರೆ ಆಫ್‌ಸೆಟ್ ಲೆಕ್ಕ ಹಾಕಬಹುದು. ಆಫ್‌ಸೆಟ್ ಒಂದೇ ಇದ್ದರೆ ಹೆಸರನ್ನು ಹಿಂದಕ್ಕೆ ಪಡೆಯಲಾಗದು. +05:30 ನಮ್ಮಂತೆ ಶ್ರೀಲಂಕಾದ್ದೂ ಹೌದು. ಆದರೆ ಶ್ರೀಲಂಕಾ 1996ರಲ್ಲಿ ಗಡಿಯಾರ ಮುಂದಕ್ಕೆ ತಿರುಗಿಸಿ, 2006ರ ಏಪ್ರಿಲ್‌ನಲ್ಲಷ್ಟೇ +05:30ಕ್ಕೆ ವಾಪಸಾಯಿತು. ನಡುವಿನ ವರ್ಷಗಳ ದಾಖಲೆಗೆ ಏಷ್ಯಾ/ಕೊಲಂಬೊ ಬದಲು ಏಷ್ಯಾ/ಕೋಲ್ಕತಾ ಹಾಕಿದರೆ ತಪ್ಪು ಸಮಯ ಬರುತ್ತದೆ.

ಏನೇನು ಬೇಕು

ಟೈಮ್‌ಝೋನ್ ಡೇಟಾಬೇಸ್ ಬೇಕು. ಅಯಾನಾ ಸಂಸ್ಥೆಯ ಮೂಲಕ ಬಿಡುಗಡೆಯಾಗುವ ಇದಕ್ಕೆ ಟಿಝಡ್‌ಡೇಟಾ ಎನ್ನುತ್ತಾರೆ. ಇದು ನಿಮ್ಮ ಯಂತ್ರದಲ್ಲಿ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಆಲ್ಪೈನ್ ಲಿನಕ್ಸ್‌ನ ಡಾಕರ್ ಇಮೇಜ್‌ನಲ್ಲಿ ಇರುವುದಿಲ್ಲ, ಪ್ಯಾಕೇಜ್ ಸೇರಿಸಬೇಕು. ಸೇರಿಸದೆ ಟಿಝಡ್ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಏಷ್ಯಾ/ಕೋಲ್ಕತಾ ಕೊಟ್ಟರೆ ಯಾವ ಎರರ್ ಕೂಡ ಬರದೆ ಯುಟಿಸಿ ಸಮಯವೇ ಸಿಗುತ್ತದೆ. ಪೈಥಾನ್‌ನಲ್ಲಿ 3.9ರಿಂದ ಈ ಡೇಟಾಬೇಸ್ ಓದುವ ಝೋನ್‌ಇನ್ಫೋ ಲೈಬ್ರರಿ ಜೊತೆಗೇ ಬರುತ್ತದೆ, ವಿಂಡೋಸ್‌ನಲ್ಲಿ ಮಾತ್ರ ಟಿಝಡ್‌ಡೇಟಾ ಪ್ಯಾಕೇಜನ್ನು ಪಿಪ್ ಮೂಲಕ ಬೇರೆಯಾಗಿ ಹಾಕಬೇಕು. ಗೋ ಭಾಷೆಯವರು 1.15ರಿಂದ ಟೈಮ್/ಟಿಝಡ್‌ಡೇಟಾ ಇಂಪೋರ್ಟ್ ಮಾಡಿ ಡೇಟಾಬೇಸನ್ನು ಬೈನರಿಯೊಳಗೇ ಸೇರಿಸಬಹುದು.

ಇದನ್ನು ಆಗಾಗ ಅಪ್‌ಡೇಟ್ ಮಾಡಲೂ ಬೇಕು. ಭಾರತದ ನಿಯಮ ದಶಕಗಳಿಂದ ಬದಲಾಗಿಲ್ಲ, ನಿಜ. ಆದರೆ ಮೆಕ್ಸಿಕೊದ ಬಹುಭಾಗ 2022ರಲ್ಲಿ ಬೇಸಿಗೆ ಸಮಯ (ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ) ಕೈಬಿಟ್ಟಿತು, ಕಝಾಕ್‌ಸ್ತಾನ 2024ರ ಮಾರ್ಚ್ 1ರಿಂದ ಇಡೀ ದೇಶಕ್ಕೆ +05:00 ಮಾಡಿತು. ಹಳೆಯ ಡೇಟಾಬೇಸ್‌ಗೆ ಇದು ಗೊತ್ತಿರುವುದಿಲ್ಲ.

ಹಂತ 1: ಕೈಯಲ್ಲಿರುವುದು ಯಾವ ಬಗೆಯ ಸಮಯ ಎಂದು ತೀರ್ಮಾನಿಸಿ

ಕೋಡ್ ಮುಟ್ಟುವ ಮೊದಲು ಪ್ರತಿ ಕಾಲಂ ನೋಡಿ ಕೇಳಿಕೊಳ್ಳಿ: ಇದು ನಡೆದುಹೋದ ಒಂದು ಕ್ಷಣವೇ, ಬರೀ ಕ್ಯಾಲೆಂಡರ್ ತಾರೀಖೇ, ಅಥವಾ ಮುಂದೆ ನಡೆಯಬೇಕಾದ ಸ್ಥಳೀಯ ಸಮಯವೇ?

ಹಾಲಿನ ಸ್ಲಿಪ್ ಮುದ್ರಣವಾದದ್ದು, ಹಣ ಪಾವತಿಯಾದದ್ದು, ಮೀಟರ್ ರೀಡಿಂಗ್ ಬಂದದ್ದು ಕ್ಷಣಗಳು. ಯುಟಿಸಿಯಲ್ಲಿ ಉಳಿಸಿ, ತೋರಿಸುವಾಗ ಪರಿವರ್ತಿಸಿ.

ಹುಟ್ಟಿದ ದಿನ, ಬಿಲ್ಲಿನ ಅವಧಿಯ ಕೊನೆಯ ದಿನ ಇವೆಲ್ಲ ಬರೀ ತಾರೀಖು. ಇವಕ್ಕೆ ಝೋನ್ ಇಲ್ಲ, ಇರಲೂಬಾರದು. ಡೇಟ್ ಎನ್ನುವ ಟೈಪ್‌ನಲ್ಲೇ ಇಡಿ. ಇದನ್ನು "ಮಧ್ಯರಾತ್ರಿ 00:00" ಎಂದು ಕ್ಷಣವಾಗಿ ಮಾಡಿ ಉಳಿಸಿದರೆ ಏನಾಗುತ್ತದೆ ನೋಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತದ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದರು. 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್ ಮಧ್ಯದವರೆಗೆ ಏಷ್ಯಾ/ಕೋಲ್ಕತಾದ ಆಫ್‌ಸೆಟ್ +06:30. 1943ರ ಜೂನ್ 10ರಂದು ಹುಟ್ಟಿದ ಪಿಂಚಣಿದಾರರೊಬ್ಬರ ದಿನಾಂಕವನ್ನು ಝೋನ್ ಹೆಸರಿನ ಪ್ರಕಾರ ಮಧ್ಯರಾತ್ರಿಯ ಕ್ಷಣವಾಗಿ ಉಳಿಸಿ, ಇನ್ನೊಂದು ಪ್ರೋಗ್ರಾಂ ಅದನ್ನು ಸ್ಥಿರ +05:30ರಲ್ಲಿ ಓದಿದರೆ ಸಿಗುವುದು ಜೂನ್ 9, ರಾತ್ರಿ 11:00. ಮುದ್ರಣದಲ್ಲಿ ಒಂದು ದಿನ ಹಿಂದೆ. ವಯಸ್ಸಾದವರ ಪಟ್ಟಿಯಲ್ಲಿ ಕೆಲವರದು ಮಾತ್ರ ಒಂದು ದಿನ ತಪ್ಪಿದ್ದರೆ ಮೊದಲು ಹುಟ್ಟಿದ ವರ್ಷ ನೋಡಿ.

ಮೂರನೆಯದು ಮುಂದಿನ ಕಾರ್ಯಕ್ರಮ: ವಿದೇಶಿ ಗ್ರಾಹಕರೊಂದಿಗಿನ ಸಭೆ, ಅಲ್ಲಿನ ಸಮಯಕ್ಕೆ ಓಡಬೇಕಾದ ಕೆಲಸ. ಅದಕ್ಕೆ ಹಂತ 7.

ಹಂತ 2: ಝೋನ್‌ಗೆ ಸರಿಯಾದ ಹೆಸರು ಕೊಡಿ

ಇಡೀ ಭಾರತಕ್ಕೆ ಒಂದೇ ಹೆಸರು: ಏಷ್ಯಾ/ಕೋಲ್ಕತಾ. ಮೊದಲಕ್ಷರಗಳೆರಡೂ ದೊಡ್ಡವು, ಕೋಲ್ಕತಾದಲ್ಲಿ ಟಿ ಒಂದೇ. ಏಷ್ಯಾ/ಬೆಂಗಳೂರು ಎಂಬುದಿಲ್ಲ, ಏಷ್ಯಾ/ದೆಹಲಿಯೂ ಇಲ್ಲ. ಇಲ್ಲದ ಹೆಸರು ಕೊಟ್ಟಾಗ ಏನಾಗುತ್ತದೆ ಎನ್ನುವುದು ಭಾಷೆಯಿಂದ ಭಾಷೆಗೆ ಬೇರೆ. ಪೈಥಾನ್‌ನ ಝೋನ್‌ಇನ್ಫೋ, ಜಾವಾದ ಝೋನ್‌ಐಡಿ ಎರಡೂ ಎರರ್ ಕೊಟ್ಟು ನಿಲ್ಲುತ್ತವೆ, ಅದು ಒಳ್ಳೆಯದು. ಜಾವಾದ ಹಳೆಯ ಟೈಮ್‌ಝೋನ್ ಕ್ಲಾಸ್ ಮಾತ್ರ ಸದ್ದಿಲ್ಲದೆ ಜಿಎಂಟಿ, ಅಂದರೆ ಸೊನ್ನೆ ಆಫ್‌ಸೆಟ್ ಕೊಡುತ್ತದೆ. ಸ್ಪೆಲಿಂಗ್ ತಪ್ಪಿದ್ದು ತಿಂಗಳುಗಟ್ಟಲೆ ಗೊತ್ತಾಗದೆ ಇರುವುದು ಇಂಥಲ್ಲೇ.

ಏಷ್ಯಾ/ಕಲ್ಕಟ್ಟಾ ಎಂಬ ಹಳೆಯ ಹೆಸರು ಈಗಲೂ ಕೆಲಸ ಮಾಡುತ್ತದೆ, ಎರಡಕ್ಕೂ ನಿಯಮ ಒಂದೇ. ತೊಂದರೆ ಬರುವುದು ಹೋಲಿಕೆಯಲ್ಲಿ. ಬಳಕೆದಾರರ ಝೋನ್ ಯಾವುದು ಎಂದು ಜಾವಾಸ್ಕ್ರಿಪ್ಟ್ ಕೇಳಿದಾಗ ಕೆಲವು ಬ್ರೌಸರ್‌ಗಳು ಹೊಸ ಹೆಸರು ಹೇಳುತ್ತವೆ, ಕೆಲವು ಕಲ್ಕಟ್ಟಾ ಎನ್ನುತ್ತವೆ. "ಹೆಸರು ಕೋಲ್ಕತಾ ಆಗಿದ್ದರೆ ಭಾರತ" ಎಂದು ನೇರ ಸ್ಟ್ರಿಂಗ್ ಹೋಲಿಕೆ ಬರೆದಿದ್ದರೆ ಅರ್ಧ ಜನ ಹೊರಗುಳಿಯುತ್ತಾರೆ. ಎರಡನ್ನೂ ಒಪ್ಪಿಕೊಳ್ಳಿ.

ವಿಂಡೋಸ್‌ನ ಹೆಸರಿನ ಪದ್ಧತಿಯೇ ಬೇರೆ. ಅಲ್ಲಿ ನಮ್ಮ ಝೋನ್‌ಗೆ ಇಂಡಿಯಾ ಸ್ಟ್ಯಾಂಡರ್ಡ್ ಟೈಮ್ ಎಂದು ಹೆಸರು. ಡಾಟ್‌ನೆಟ್ 6ರಿಂದ ಎರಡು ಪದ್ಧತಿಯ ಹೆಸರೂ ನಡೆಯುತ್ತದೆ. ಅದಕ್ಕಿಂತ ಹಳೆಯ ಆವೃತ್ತಿಯಾದರೆ ವಿಂಡೋಸ್‌ನಲ್ಲಿ ಬರೆದ ಕೋಡ್ ಲಿನಕ್ಸ್ ಸರ್ವರ್‌ಗೆ ಹೋದ ಕೂಡಲೇ ಝೋನ್ ಸಿಗಲಿಲ್ಲ ಎಂದು ಬೀಳುತ್ತದೆ.

ಇನ್ನು ಸಂಕ್ಷೇಪಗಳು. ಕಾನ್ಫಿಗ್‌ನಲ್ಲಾಗಲಿ ಕ್ವೆರಿಯಲ್ಲಾಗಲಿ ಐಎಸ್‌ಟಿ ಎಂದು ಬರೆಯಲೇಬೇಡಿ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೀಫಾಲ್ಟ್ ಪಟ್ಟಿಯಲ್ಲಿ ಐಎಸ್‌ಟಿ ಎಂದರೆ ಇಸ್ರೇಲ್, +02:00. ಆರಂಭದಲ್ಲಿ ಹೇಳಿದ ಮೂರೂವರೆ ಗಂಟೆಯ ವ್ಯತ್ಯಾಸ ಬಂದದ್ದು ಅಲ್ಲಿಂದ. ಟೈಮ್‌ಝೋನ್ ಸಂಕ್ಷೇಪಗಳ ಸೆಟ್ಟಿಂಗನ್ನು ಇಂಡಿಯಾ ಎಂದು ಬದಲಿಸುವ ಸೌಲಭ್ಯ ಅದರಲ್ಲಿದೆ, ಆದರೆ ಬೇರೆ ಸರ್ವರ್‌ಗೆ ಹೋದಾಗ ಆ ಸೆಟ್ಟಿಂಗ್ ಜೊತೆಗೆ ಬರುವುದಿಲ್ಲ. ಪೂರ್ತಿ ಹೆಸರೇ ವಾಸಿ. ಹಾಗೆಯೇ ಇಎಸ್‌ಟಿ ಎಂಬ ಹೆಸರು ವರ್ಷಪೂರ್ತಿ -05:00. ನ್ಯೂಯಾರ್ಕ್‌ನ ಗಡಿಯಾರ ಬೇಸಿಗೆಯಲ್ಲಿ -04:00.

ಚಿಹ್ನೆಯ ಬಲೆ ಒಂದಿದೆ. ಇಟಿಸಿ/ಜಿಎಂಟಿ+5 ಎಂಬ ಹೆಸರಿನ ಅರ್ಥ ಯುಟಿಸಿಗಿಂತ ಐದು ಗಂಟೆ ಹಿಂದೆ. ಪೋಸಿಕ್ಸ್ ಎಂಬ ಹಳೆಯ ಪದ್ಧತಿಯಲ್ಲಿ ಪಶ್ಚಿಮಕ್ಕೆ ಕೂಡು ಚಿಹ್ನೆ, ಪೂರ್ವಕ್ಕೆ ಕಳೆ ಚಿಹ್ನೆ. ಪೋಸ್ಟ್‌ಗ್ರೆಸ್‌ನಲ್ಲಿ ಝೋನ್ ಹೆಸರಿನ ಜಾಗಕ್ಕೆ "ಯುಟಿಸಿ+5:30" ಎಂದು ಕೊಟ್ಟರೂ ಇದೇ ಪದ್ಧತಿ ಅನ್ವಯಿಸಿ, ಫಲಿತಾಂಶ ಹನ್ನೊಂದು ಗಂಟೆ ಆಚೆ ಬೀಳುತ್ತದೆ. ಜಾವಾಸ್ಕ್ರಿಪ್ಟ್‌ನ ಗೆಟ್‌ಟೈಮ್‌ಝೋನ್‌ಆಫ್‌ಸೆಟ್ ಕೂಡ ಭಾರತಕ್ಕೆ -330 ಕೊಡುತ್ತದೆ, +330 ಅಲ್ಲ.

ಹಂತ 3: ಮೊದಲು ಪರಿವರ್ತಿಸಿ, ಆಮೇಲೆ ದಿನ, ಗಂಟೆ ಕತ್ತರಿಸಿ

ಭಾರತದ ಮಧ್ಯರಾತ್ರಿಯಿಂದ ಬೆಳಿಗ್ಗೆ 5:30ರವರೆಗೆ ಯುಟಿಸಿಯಲ್ಲಿ ಇನ್ನೂ ಹಿಂದಿನ ತಾರೀಖು. ಹಗಲು ಹತ್ತರಿಂದ ಐದರ ಆಫೀಸಿನ ಸಾಫ್ಟ್‌ವೇರ್‌ಗೆ ಇದು ಎಂದೂ ತಗುಲದೆ ಹೋಗಬಹುದು. ಹಾಲಿನ ಸಂಘದ್ದಕ್ಕೆ ದಿನವೂ ತಗುಲುತ್ತದೆ.

ಜೂನ್ 12ರ ಬೆಳಿಗ್ಗೆ 5:20ಕ್ಕೆ ಒಬ್ಬರು ಹಾಲು ಹಾಕಿದರು, 5:40ಕ್ಕೆ ಇನ್ನೊಬ್ಬರು. ಒಂದೇ ಸರದಿ, ಒಂದೇ ಕ್ಯಾನು. ಯುಟಿಸಿಯಲ್ಲಿ ಮೊದಲನೆಯದು ಜೂನ್ 11ರ 23:50, ಎರಡನೆಯದು ಜೂನ್ 12ರ 00:10. ಕ್ವೆರಿಯಲ್ಲಿ ನೇರವಾಗಿ ತಾರೀಖಿನ ಭಾಗ ಕತ್ತರಿಸಿ ಗುಂಪು ಮಾಡಿದರೆ ಮೊದಲಿನವರ ಹಾಲು ನಿನ್ನೆಯ ಲೆಕ್ಕಕ್ಕೆ ಹೋಗುತ್ತದೆ. ತಿಂಗಳ ಒಂದನೇ ತಾರೀಖಿಗೆ ಹೀಗಾದರೆ ಅದು ಹಿಂದಿನ ಬಟವಾಡೆಗೇ ಸೇರಿಬಿಡುತ್ತದೆ. ಒಟ್ಟು ಲೀಟರ್ ಮಾತ್ರ ಸರಿಯಾಗೇ ಇರುವುದರಿಂದ ಲೆಕ್ಕ ತಾಳೆ ನೋಡುವವರ ಕಣ್ಣಿಗೆ ಬೀಳುವುದಿಲ್ಲ. ಕ್ರಮ ಹೀಗಿರಲಿ: ಯುಟಿಸಿ ಕ್ಷಣವನ್ನು ಏಷ್ಯಾ/ಕೋಲ್ಕತಾಗೆ ಪರಿವರ್ತಿಸಿ, ಆಮೇಲಷ್ಟೇ ತಾರೀಖು ತೆಗೆಯಿರಿ.

ಗಂಟೆಯ ಲೆಕ್ಕದಲ್ಲೂ ಇದೇ ಸಮಸ್ಯೆ, ನಮ್ಮ ಆಫ್‌ಸೆಟ್‌ನ ಅರ್ಧ ಗಂಟೆಯಿಂದಾಗಿ. ಪಾವಗಡದ ಕಡೆಯ ಸೋಲಾರ್ ಡೇಟಾವನ್ನು ಯುಟಿಸಿಯಲ್ಲಿ ಗಂಟೆಗೊಂದರಂತೆ ಒಟ್ಟು ಮಾಡಿದರೆ 05:00ರಿಂದ 06:00ರ ಕಂಬ ಇಲ್ಲಿನ 10:30ರಿಂದ 11:30. ಆಮೇಲೆ ಎಷ್ಟೇ ಪರಿವರ್ತಿಸಿದರೂ 10ರಿಂದ 11ರ ಅಂಕಿ ಸಿಗದು, ಒಟ್ಟು ಮಾಡುವಾಗಲೇ ಅದು ಕಳೆದುಹೋಗಿರುತ್ತದೆ. ವಿದೇಶಿ ಡ್ಯಾಶ್‌ಬೋರ್ಡ್ ಸಾಫ್ಟ್‌ವೇರ್‌ಗಳಲ್ಲಿ ಇದನ್ನು ಹೆಚ್ಚಾಗಿ ನೋಡಬಹುದು. ಪೂರ್ಣ ಗಂಟೆಯ ಆಫ್‌ಸೆಟ್ ಇರುವ ದೇಶದವರು ಬರೆದ ಕೋಡ್‌ಗೆ ಈ ತಪ್ಪು ಅಲ್ಲಿ ಕಾಣಿಸಿಕೊಳ್ಳುವುದೇ ಇಲ್ಲವಲ್ಲ. ವಿದ್ಯುತ್ ಜಾಲದ ವೇಳಾಪಟ್ಟಿಗೆ ಬಳಸುವ 15 ನಿಮಿಷದ ಬ್ಲಾಕ್‌ಗಳಾದರೆ ಅಂಚುಗಳು ಹೊಂದುತ್ತವೆ, ಆದರೆ ಸಂಖ್ಯೆ 22 ಬ್ಲಾಕ್‌ನಷ್ಟು ಜರುಗುತ್ತದೆ. ದಿನದ 96 ಬ್ಲಾಕ್‌ಗಳಲ್ಲಿ ಮೊದಲನೆಯದು ಶುರುವಾಗುವುದು ಯುಟಿಸಿಯ 18:30ಕ್ಕೆ, ಅದೂ ಹಿಂದಿನ ದಿನ.

ವೆಬ್ ಫಾರಂ ಬರೆಯುವವರು ಇದರ ಉಲ್ಟಾ ರೂಪ ನೋಡುತ್ತಾರೆ. ಕ್ಯಾಲೆಂಡರ್‌ನಲ್ಲಿ ಜೂನ್ 12 ಆರಿಸಿದರೆ ಹಲವು ಕ್ಯಾಲೆಂಡರ್ ಲೈಬ್ರರಿಗಳು ಅದನ್ನು ಭಾರತದ ಮಧ್ಯರಾತ್ರಿ ಎಂದು ಹಿಡಿಯುತ್ತವೆ, ಟುಐಎಸ್‌ಒಸ್ಟ್ರಿಂಗ್ ಅದನ್ನು ಯುಟಿಸಿಗೆ ಬದಲಿಸಿ ಜೂನ್ 11ರ 18:30 ಎಂದು ಕಳಿಸುತ್ತದೆ. ಸರ್ವರ್ ಮೊದಲ ಹತ್ತು ಅಕ್ಷರ ಕತ್ತರಿಸಿಕೊಂಡರೆ ಒಂದು ದಿನ ಕಡಿಮೆ. ಬರೀ ತಾರೀಖು ಕಳಿಸಬೇಕಿದ್ದರೆ ವರ್ಷ, ತಿಂಗಳು, ದಿನವನ್ನು ಬೇರೆ ಬೇರೆ ತೆಗೆದು ನೀವೇ ಜೋಡಿಸಿ. ಜಾವಾಸ್ಕ್ರಿಪ್ಟ್‌ನಲ್ಲಿ ತಿಂಗಳ ಎಣಿಕೆ ಸೊನ್ನೆಯಿಂದ ಶುರು, ಒಂದು ಕೂಡಿಸಲು ಮರೆಯಬೇಡಿ.

ಹಂತ 4: ಫಾರ್ಮ್ಯಾಟ್ ಅಕ್ಷರಗಳನ್ನು ಆರಿಸಿ

ಯಂತ್ರ ಓದಬೇಕಾದ ಕಡೆ ಆಫ್‌ಸೆಟ್ ಅಂಕಿಯಲ್ಲಿ, ನಡುವೆ ವಿವರಣ ಚಿಹ್ನೆಯೊಂದಿಗೆ ಇರಲಿ: 2025-06-12 05:20:00+05:30. ತಾರೀಖು ಮತ್ತು ಸಮಯದ ನಡುವೆ ದೊಡ್ಡ ಟಿ ಅಕ್ಷರ ಹಾಕುವುದು ವಾಡಿಕೆ. ಆರ್‌ಎಫ್‌ಸಿ 3339 ಎಂಬ ಇಂಟರ್‌ನೆಟ್ ಮಾನಕ ಕೇಳುವುದು ಇದನ್ನೇ. ಇಮೇಲ್ ಹೆಡರ್‌ನಲ್ಲಿ ಮಾತ್ರ ವಿವರಣ ಚಿಹ್ನೆಯಿಲ್ಲದ +0530 ಬಳಕೆ.

ಜಾವಾದಲ್ಲಿ ಎರಡು ಫಾರ್ಮ್ಯಾಟರ್‌ಗಳಿವೆ. ದೊಡ್ಡ ಎಕ್ಸ್ ಮೂರು ಸಲ ಬರೆದರೆ ಎರಡರಲ್ಲೂ +05:30, ಎರಡು ಸಲಕ್ಕೆ +0530. ಒಂದೇ ಸಲ ಬರೆದಾಗ ದಾರಿ ಕವಲೊಡೆಯುತ್ತದೆ. ಹೊಸ ಡೇಟ್‌ಟೈಮ್‌ಫಾರ್ಮ್ಯಾಟರ್ ನಿಮಿಷ ಸೊನ್ನೆಯಲ್ಲದಿದ್ದರೆ ಅದನ್ನೂ ಬರೆಯುತ್ತದೆ. ಹಳೆಯ ಸಿಂಪಲ್‌ಡೇಟ್‌ಫಾರ್ಮ್ಯಾಟ್ ಬರೀ +05 ಬರೆದು ಮೂವತ್ತು ನಿಮಿಷ ನುಂಗುತ್ತದೆ. ಜರ್ಮನಿಯಲ್ಲೋ ಅಮೆರಿಕದಲ್ಲೋ ಇದರಿಂದ ಏನೂ ಆಗದು, ನಮ್ಮಲ್ಲಿ ಪ್ರತಿ ದಾಖಲೆಯೂ ಅರ್ಧ ಗಂಟೆ ತಪ್ಪು. ಡಾಟ್‌ನೆಟ್‌ನಲ್ಲೂ ಸಣ್ಣ ಝಡ್ ಎರಡೇ ಹಾಕಿದರೆ ಹೀಗೇ +05. ಮೂರು ಹಾಕಿ.

ದೊಡ್ಡ ಎಕ್ಸ್‌ಗೂ ಸಣ್ಣ ಎಕ್ಸ್‌ಗೂ ವ್ಯತ್ಯಾಸ ಆಫ್‌ಸೆಟ್ ಸೊನ್ನೆಯಾದಾಗ ಮಾತ್ರ. ದೊಡ್ಡದು ಝಡ್ ಎಂಬ ಒಂದೇ ಅಕ್ಷರ ಬರೆಯುತ್ತದೆ, ಜಾವಾದ ಹೊಸ ಫಾರ್ಮ್ಯಾಟರ್‌ನಲ್ಲಿರುವ ಸಣ್ಣದು +00:00 ಬರೆಯುತ್ತದೆ. ಎರಡೂ ಸಿಂಧು, ಓದುವ ಕಡೆಯ ಕೋಡ್ ಎರಡನ್ನೂ ಒಪ್ಪಬೇಕು. ಝೋನ್‌ನ ಪೂರ್ತಿ ಹೆಸರು ಮುದ್ರಿಸಲು ದೊಡ್ಡ ವಿ ಎರಡು ಸಲ. ಆದರೆ ನಿಮ್ಮ ವಸ್ತು ಆಫ್‌ಸೆಟ್‌ಡೇಟ್‌ಟೈಮ್ ಆಗಿದ್ದರೆ ಅದರಲ್ಲಿ ಹೆಸರೇ ಇರುವುದಿಲ್ಲ, ಎರರ್ ಬರುತ್ತದೆ. ಝೋನ್ಡ್‌ಡೇಟ್‌ಟೈಮ್ ಬೇಕು.

ಇಡೀ ಲೇಖನದಲ್ಲಿ ಒಂದೇ ಎಚ್ಚರಿಕೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಎಲ್ಲಿಂದಲೋ ನಕಲು ಮಾಡಿದ ಪ್ಯಾಟರ್ನ್‌ಗಳಲ್ಲಿ ಕೊನೆಯ ಝಡ್ ಅಕ್ಷರ ಒಂಟಿ ಉದ್ಧರಣ ಚಿಹ್ನೆಯೊಳಗೆ ಇರುತ್ತದೆ. ಚಿಹ್ನೆಯೊಳಗೆ ಇದ್ದದ್ದು ಹಾಗೇ ಮುದ್ರಣವಾಗುವ ಅಕ್ಷರ, ಲೆಕ್ಕವಲ್ಲ. ಆಗ ಭಾರತದ 14:30ರ ಮುಂದೆ ಝಡ್ ಅಂಟಿಕೊಂಡು "ಇದು ಯುಟಿಸಿಯ 14:30" ಎಂಬ ಸುಳ್ಳು ಹೊರಡುತ್ತದೆ. ಓದುವವರು ಅದನ್ನು ನಂಬಿ ಐದೂವರೆ ಗಂಟೆ ಕೂಡಿಸಿ ರಾತ್ರಿ 8:00 ತೋರಿಸುತ್ತಾರೆ. ನಿಮ್ಮ ಕೋಡ್‌ಬೇಸ್‌ನಲ್ಲಿ ಈಗಲೇ ಹುಡುಕಿ, ಸಿಕ್ಕಿದ ಕಡೆಯೆಲ್ಲ ಚಿಹ್ನೆ ತೆಗೆದು ದೊಡ್ಡ ಎಕ್ಸ್ ಮೂರು ಹಾಕಿ.

ಪೈಥಾನ್‌ನ ಸ್ಟ್ರ್‌ಎಫ್‌ಟೈಮ್‌ನಲ್ಲಿ ಶೇಕಡಾ ಚಿಹ್ನೆಯ ಮುಂದೆ ಸಣ್ಣ ಝಡ್ ಹಾಕಿದರೆ +0530, ದೊಡ್ಡ ಝಡ್ ಹಾಕಿದರೆ ಐಎಸ್‌ಟಿ. ನಡುವೆ ವಿವರಣ ಚಿಹ್ನೆ ಇರುವ ರೂಪ 3.12ರಿಂದ ಬಂದಿದೆ. ಅದಕ್ಕಿಂತ ಹಳೆಯದಾದರೆ ಐಸೋಫಾರ್ಮ್ಯಾಟ್ ಬಳಸಿ. ಝೋನ್ ಮಾಹಿತಿಯೇ ಇಲ್ಲದ ಡೇಟ್‌ಟೈಮ್‌ಗೆ ಈ ಎರಡೂ ಅಕ್ಷರಗಳು ಎರರ್ ಕೊಡದೆ ಖಾಲಿ ಸ್ಟ್ರಿಂಗ್ ಕೊಡುತ್ತವೆ. ಯುಟಿಸಿನೌ ಎಂಬ ಫಂಕ್ಷನ್ ಕೊಡುವುದು ಇಂಥ ಮಾಹಿತಿ ಇಲ್ಲದ ವಸ್ತುವನ್ನೇ, 3.12ರಿಂದ ಅದನ್ನು ಬಳಸಬೇಡಿ ಎಂದು ಪೈಥಾನ್ ತಾನೇ ಹೇಳುತ್ತದೆ. ನೌ ಫಂಕ್ಷನ್‌ಗೆ ಝೋನ್ ಕೊಟ್ಟು ಕರೆಯಿರಿ.

ಮುದ್ರಣದಲ್ಲಿ +05:53 ಎಂಬ ವಿಚಿತ್ರ ಅಂಕಿ ಕಂಡರೆ ಪೈಟಿಝಡ್ ಎಂಬ ಹಳೆಯ ಲೈಬ್ರರಿ ಎಲ್ಲೋ ಇದೆ ಎಂದರ್ಥ. ಅದು ಕೋಲ್ಕತಾದ ಹಳೆಯ ಸ್ಥಳೀಯ ಸರಾಸರಿ ಸಮಯ, 5 ಗಂಟೆ 53 ನಿಮಿಷ 28 ಸೆಕೆಂಡ್. ಡೇಟ್‌ಟೈಮ್ ಸೃಷ್ಟಿಸುವಾಗಲೇ ಪೈಟಿಝಡ್ ಝೋನನ್ನು ಸೇರಿಸಿದರೆ ಡೇಟಾಬೇಸಿನ ಮೊದಲ ಸಾಲನ್ನೇ ಅದು ಎತ್ತಿಕೊಳ್ಳುತ್ತದೆ. ಅದರ ಲೋಕಲೈಝ್ ಮೆಥಡ್ ಬಳಸಿ, ಸಾಧ್ಯವಾದರೆ ಝೋನ್‌ಇನ್ಫೋಗೆ ಬದಲಾಯಿಸಿಕೊಂಡುಬಿಡಿ.

ಪಿಎಚ್‌ಪಿಯಲ್ಲಿ ದೊಡ್ಡ ಪಿ +05:30 ಕೊಡುತ್ತದೆ, ದೊಡ್ಡ ಒ +0530, ಸಣ್ಣ ಇ ಝೋನ್ ಹೆಸರು, ದೊಡ್ಡ ಟಿ ಸಂಕ್ಷೇಪ. ಡೇಟ್ ಐಎಸ್‌ಒ8601 ಎಂಬ ಕಾನ್‌ಸ್ಟಂಟ್‌ನ ಹೆಸರು ನಂಬಬೇಡಿ, ಅದು ಆ ಮಾನಕಕ್ಕೆ ಸರಿಹೊಂದುವುದಿಲ್ಲ. ಡೇಟ್ ಆಟಮ್ ಸರಿ. ಗೋದಲ್ಲಿ ಅಕ್ಷರಗಳ ಬದಲು ಒಂದು ನಿಗದಿತ ಮಾದರಿ ಸಮಯವನ್ನೇ ಪ್ಯಾಟರ್ನ್ ಆಗಿ ಕೊಡುವುದರಿಂದ ಅದರ ಆಫ್‌ಸೆಟ್ -07:00 ಎಂದು ಬರೆಯಬೇಕು, ಅಲ್ಲಿ +05:30 ಬರೆದರೆ ಪ್ರತಿ ಸಮಯದ ಮುಂದೂ ಅರ್ಥವಿಲ್ಲದ ಅಂಕಿ ಬರುತ್ತದೆ.

ಜನ ಓದುವ ಪರದೆ, ರಸೀದಿಗೆ ಸಂಕ್ಷೇಪ ಆಗಬಹುದು. ಜಾವಾಸ್ಕ್ರಿಪ್ಟ್‌ನ ಇಂಟ್ಲ್ ಫಾರ್ಮ್ಯಾಟರ್‌ಗೆ ಭಾರತೀಯ ಇಂಗ್ಲಿಷ್ ಲೊಕೇಲ್ (ಭಾಷೆ, ಪ್ರದೇಶದ ಸೆಟ್ಟಿಂಗ್) ಕೊಟ್ಟರೆ ಐಎಸ್‌ಟಿ ಎಂದು ಬರುತ್ತದೆ, ಅಮೆರಿಕನ್ ಇಂಗ್ಲಿಷ್ ಕೊಟ್ಟರೆ ಜಿಎಂಟಿ+5:30. ಕನ್ನಡ ಲೊಕೇಲ್ ಕೊಟ್ಟಾಗ ಅಂಕಿಗಳು 1, 2, 3 ಎಂದೇ ಬರುತ್ತವೆ. ಕನ್ನಡ ಅಂಕಿ ಬೇಕೆಂದರೆ ಬೇರೆಯಾಗಿ ಕೇಳಬೇಕು. ಆದರೆ ಎಲ್ಲ ಊರಿಗೂ ಸಂಕ್ಷೇಪ ಇದೆಯೆಂದು ಭಾವಿಸಬೇಡಿ. ದುಬೈ, ಸಿಂಗಪುರ, ನೇಪಾಳಕ್ಕೆ ಡೇಟಾಬೇಸ್‌ನಲ್ಲಿ ಈಗ +04, +08, +0545 ಎಂಬ ಅಂಕಿಗಳೇ ಸಂಕ್ಷೇಪದ ಜಾಗದಲ್ಲಿವೆ. ಮೂರಕ್ಷರಕ್ಕೆಂದು ಅಳತೆ ಮಾಡಿದ ಕಾಲಂನಲ್ಲಿ ನೇಪಾಳದ್ದು ಹಿಡಿಸುವುದಿಲ್ಲ.

ಹಂತ 5: ಬರೆದದ್ದನ್ನು ಮತ್ತೆ ಓದಿ ನೋಡಿ

ಮುದ್ರಿಸಿದ ಸ್ಟ್ರಿಂಗನ್ನು ಮತ್ತೆ ಪಾರ್ಸ್ ಮಾಡಿದರೆ ಅದೇ ಕ್ಷಣ ಸಿಗಬೇಕು. ಪಾರ್ಸ್ ಎಂದರೆ ಪಠ್ಯವನ್ನು ಓದಿ ಸಮಯದ ವಸ್ತುವಾಗಿ ಬದಲಿಸುವುದು. ಸಂಕ್ಷೇಪ ಬಳಸಿದ್ದರೆ ಇಲ್ಲಿ ಸಿಕ್ಕಿಬೀಳುತ್ತೀರಿ. ಗೋ ಭಾಷೆಗೆ ಐಎಸ್‌ಟಿ ಇರುವ ಸ್ಟ್ರಿಂಗ್ ಕೊಟ್ಟು, ಆ ಯಂತ್ರದ ಝೋನ್‌ಗೆ ಆ ಸಂಕ್ಷೇಪ ಗೊತ್ತಿಲ್ಲದಿದ್ದರೆ, ಅದು ಐಎಸ್‌ಟಿ ಎಂಬ ಹೆಸರಿನ, ಸೊನ್ನೆ ಆಫ್‌ಸೆಟ್‌ನ ಝೋನೊಂದನ್ನು ತಾನೇ ಹುಟ್ಟುಹಾಕುತ್ತದೆ. ಎರರ್ ಇಲ್ಲ, ಮತ್ತೆ ಮುದ್ರಿಸಿದರೆ ಐಎಸ್‌ಟಿ ಎಂದೇ ಕಾಣುತ್ತದೆ, ಸಮಯ ಮಾತ್ರ ಐದೂವರೆ ಗಂಟೆ ಆಚೆ.

ಕೂಡು ಚಿಹ್ನೆಗೂ ಒಂದು ಗಂಡಾಂತರವಿದೆ. ಯುಆರ್‌ಎಲ್‌ನ ಪ್ರಶ್ನೆ ಚಿಹ್ನೆಯ ನಂತರದ ಭಾಗದಲ್ಲಿ ಕೂಡು ಚಿಹ್ನೆ ಎಂದರೆ ಖಾಲಿ ಜಾಗ. 05:20:00+05:30 ಎಂದು ಕಳಿಸಿದ್ದು ಸರ್ವರ್‌ಗೆ 05:20:00 05:30 ಎಂದು ತಲುಪುತ್ತದೆ. ಆಫ್‌ಸೆಟ್ ಕಳೆ ಚಿಹ್ನೆಯದಾಗಿದ್ದರೆ ಈ ತೊಂದರೆ ಇಲ್ಲ, ಹೀಗಾಗಿ ಅಮೆರಿಕದಲ್ಲಿ ಪರೀಕ್ಷಿಸಿದ ಎಪಿಐ ಇಲ್ಲಿ ಮುರಿಯುತ್ತದೆ. ಕೂಡು ಚಿಹ್ನೆಯನ್ನು ಶೇಕಡಾ ಚಿಹ್ನೆ, 2, ಬಿ ಎಂಬ ಮೂರು ಅಕ್ಷರವಾಗಿ ಬದಲಿಸಿ ಕಳಿಸಬೇಕು. ಕೈಯಲ್ಲಿ ಜೋಡಿಸದೆ ಯುಆರ್‌ಎಲ್ ಎನ್‌ಕೋಡ್ ಮಾಡುವ ಫಂಕ್ಷನ್‌ಗೇ ಬಿಡಿ.

ಇನ್ನೊಂದು ಸಣ್ಣದು: ಜಾವಾಸ್ಕ್ರಿಪ್ಟ್ ಬರೀ 2025-06-12 ಎಂಬ ಸ್ಟ್ರಿಂಗನ್ನು ಯುಟಿಸಿ ಎಂದು ಓದುತ್ತದೆ, ಅದಕ್ಕೇ ಸಮಯ ಸೇರಿಸಿ ಆಫ್‌ಸೆಟ್ ಬಿಟ್ಟರೆ ಸ್ಥಳೀಯ ಎಂದು ಓದುತ್ತದೆ. ನಿಯಮವೇ ಹಾಗಿದೆ. ಆಫ್‌ಸೆಟ್ ಬಿಡದೆ ಬರೆಯುವುದೇ ಕ್ಷೇಮ.

ಹಂತ 6: ಡೇಟಾಬೇಸ್

ಪೋಸ್ಟ್‌ಗ್ರೆಸ್‌ನ ಟೈಮ್‌ಸ್ಟಾಂಪ್‌ಟಿಝಡ್ ತನ್ನ ಹೆಸರಿಗೆ ತಕ್ಕಂತೆ ಝೋನನ್ನು ಉಳಿಸುವುದಿಲ್ಲ, ಯುಟಿಸಿಗೆ ಬದಲಿಸಿ ಕ್ಷಣ ಮಾತ್ರ ಉಳಿಸುತ್ತದೆ. ಕ್ಷಣಗಳಿಗೆ ಇದೇ ಬೇಕು. ಅದರ ಮೇಲೆ ಅಟ್ ಟೈಮ್ ಝೋನ್ ಹಾಕಿದರೆ ಸ್ಥಳೀಯ ಗಡಿಯಾರದ ಸಮಯ ಸಿಗುತ್ತದೆ. ಝೋನ್ ಇಲ್ಲದ ಟೈಮ್‌ಸ್ಟಾಂಪ್ ಮೇಲೆ ಅದನ್ನೇ ಹಾಕಿದರೆ ಉಲ್ಟಾ ದಿಕ್ಕಿನಲ್ಲಿ, ಸ್ಥಳೀಯದಿಂದ ಕ್ಷಣಕ್ಕೆ ಪರಿವರ್ತನೆ. ಕಾಲಂ ಟೈಪ್ ನೋಡದೆ ಕ್ವೆರಿ ನಕಲು ಮಾಡುವವರು ಇಲ್ಲೇ ಎಡವುವುದು.

ಮೈಎಸ್‌ಕ್ಯುಎಲ್‌ನ ಕನ್ವರ್ಟ್ ಟಿಝಡ್ ಫಂಕ್ಷನ್‌ಗೆ ಝೋನ್ ಹೆಸರು ಕೊಟ್ಟಾಗ ನಲ್ ಬರುತ್ತಿದ್ದರೆ ಸರ್ವರ್‌ನ ಟೈಮ್‌ಝೋನ್ ಟೇಬಲ್‌ಗಳು ಖಾಲಿ ಇವೆ. ಮೈಎಸ್‌ಕ್ಯುಎಲ್ ಜೊತೆಗೇ ಬರುವ ಟಿಝಡ್‌ಇನ್ಫೋ ಉಪಕರಣದಿಂದ ತುಂಬಿ. +05:30 ಎಂದು ಅಂಕಿ ಕೊಟ್ಟರೆ ಟೇಬಲ್ ಇಲ್ಲದೆಯೂ ನಡೆಯುತ್ತದೆ, ಭಾರತದ ಇತ್ತೀಚಿನ ದಾಖಲೆಗೆ ಅಷ್ಟು ಸಾಕು.

ಹಂತ 7: ವಿದೇಶಿ ಸಮಯ

ನರಸಾಪುರ, ವಸಂತನರಸಾಪುರದ ಕಾರ್ಖಾನೆಗಳಿಗೆ ಬರೆಯುವಾಗ ಜಪಾನ್ ಸಲೀಸು: ಬೇಸಿಗೆ ಸಮಯವಿಲ್ಲ, ನಮಗಿಂತ ಸದಾ ಮೂರೂವರೆ ಗಂಟೆ ಮುಂದೆ. ಅಮೆರಿಕ, ಯುರೋಪ್ ಹಾಗಲ್ಲ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಮುಂದಕ್ಕೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ. ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಕ್ಯಾಲಿಫೋರ್ನಿಯಾದ ಬೆಳಿಗ್ಗೆ 9:00 ಚಳಿಗಾಲದಲ್ಲಿ ನಮಗೆ ರಾತ್ರಿ 10:30, ಬೇಸಿಗೆಯಲ್ಲಿ 9:30.

ಹಾಗಾಗಿ ಮುಂದಿನ ಸಭೆಯನ್ನು ಆಫ್‌ಸೆಟ್‌ನೊಂದಿಗೆ ಉಳಿಸಬೇಡಿ. ಸ್ಥಳೀಯ ಸಮಯ ಒಂದು ಕಾಲಂನಲ್ಲಿ, ಅಮೆರಿಕಾ/ಲಾಸ್ ಏಂಜಲೀಸ್ ಎಂಬ ಹೆಸರು ಇನ್ನೊಂದರಲ್ಲಿ ಇಡಿ. ಕೋಡ್‌ನಲ್ಲಿ ಆ ಎರಡು ಪದಗಳ ನಡುವೆ ಅಡಿಗೆರೆ ಬರುತ್ತದೆ. ಆಫ್‌ಸೆಟ್ಟನ್ನು ಆ ಸಮಯ ಹತ್ತಿರ ಬಂದಾಗ ಲೆಕ್ಕ ಹಾಕಿ. 2025ರ ಮಾರ್ಚ್ 9ರ ಬೆಳಗಿನ ಜಾವ 2:30 ಅಲ್ಲಿ ಬರಲೇ ಇಲ್ಲ, ಗಡಿಯಾರ 2ರಿಂದ 3ಕ್ಕೆ ಹಾರಿತು. ನವೆಂಬರ್ 2ರ 1:30 ಎರಡು ಸಲ ಬಂತು, ಆಗ ಯಾವುದು ಎಂದು ಹೇಳುವುದು ಆಫ್‌ಸೆಟ್ ಮಾತ್ರ.

ಹಂತ 8: ಪರೀಕ್ಷೆ

ಟಿಝಡ್ ವೇರಿಯಬಲ್ ಬದಲಿಸಿ ಒಂದೇ ಪರೀಕ್ಷೆಗಳನ್ನು ಮೂರು ಸಲ ಓಡಿಸಿ: ಯುಟಿಸಿ, ಏಷ್ಯಾ/ಕೋಲ್ಕತಾ, ಅಮೆರಿಕಾ/ಲಾಸ್ ಏಂಜಲೀಸ್. ಮೂರರಲ್ಲೂ ಉತ್ತರ ಒಂದೇ ಬರಬೇಕು. ಒಳಗೆ ಹಾಕಬೇಕಾದ ಸಮಯಗಳು: ತಿಂಗಳ ಒಂದನೇ ತಾರೀಖಿನ 5:20 ಮತ್ತು 5:40, ಡಿಸೆಂಬರ್ 31ರ 23:59, ನೇಪಾಳದ +05:45, ಸೊನ್ನೆ ಆಫ್‌ಸೆಟ್, 1943ರ ಒಂದು ತಾರೀಖು. 2024ರ ಡಿಸೆಂಬರ್ 30ನ್ನೂ ಸೇರಿಸಿ. ಜಾವಾ ಪ್ಯಾಟರ್ನ್‌ನಲ್ಲಿ ವರ್ಷಕ್ಕೆ ದೊಡ್ಡ ವೈ ಬಳಸಿದ್ದರೆ ಅದು ವಾರದ ಲೆಕ್ಕದ ವರ್ಷ ಹಿಡಿದು 2025 ಎಂದು ಮುದ್ರಿಸುತ್ತದೆ. ಸಣ್ಣ ವೈ ಬೇಕು.

ಹಂತ 9: ಈಗಾಗಲೇ ಕೆಟ್ಟಿರುವ ಡೇಟಾ

ಕೈಯಲ್ಲಿ 330 ನಿಮಿಷ ಕೂಡಿಸಿದ ಸಾಲುಗಳು ಸೇರಿಹೋಗಿದ್ದರೆ ಮೊದಲು ಬ್ಯಾಕಪ್ ತೆಗೆಯಿರಿ. ಆಮೇಲೆ ದಾಖಲಾದ ಸಮಯವನ್ನು ಗಂಟೆವಾರು ಎಣಿಸಿ. ಹಾಲಿನ ಸಂಘದಲ್ಲಿ ಕೆಲಸ ನಡೆಯುವುದು, ಉದಾಹರಣೆಗೆ, ಬೆಳಿಗ್ಗೆ 5ರಿಂದ 8, ಸಂಜೆ 5ರಿಂದ 8 ಎಂದಿಟ್ಟುಕೊಳ್ಳಿ. ಬೆಳಗಿನ ಸಾಲುಗಳು 23:30ರಿಂದ 02:30ರೊಳಗೆ ಕಂಡರೆ ಅವು ಪರಿವರ್ತನೆಯಾಗದ ಯುಟಿಸಿ. 10:30ರಿಂದ 13:30ರಲ್ಲಿ ಕಂಡರೆ ಎರಡು ಸಲ ಕೂಡಿಸಿದವು.

ಆದರೆ ಗಂಟೆ ಒಂದನ್ನೇ ನೋಡಿ ಸರಿಪಡಿಸಬೇಡಿ. ಸಂಜೆಯ ಸಾಲುಗಳಿಗೆ ಎರಡು ಸಲ ಕೂಡಿಸಿದ್ದರೆ ಅವು 22:30ರಿಂದ 01:30ರೊಳಗೆ ಬೀಳುತ್ತವೆ, ಬೆಳಗಿನ ಯುಟಿಸಿ ಸಾಲುಗಳ ಜೊತೆ ಕಲೆತುಹೋಗುತ್ತವೆ. ಬೇರ್ಪಡಿಸಲು ಬೆಳಿಗ್ಗೆ ಅಥವಾ ಸಂಜೆ ಎಂದು ನಮೂದಾದ ಸರದಿಯ ಕಾಲಂ ಬೇಕು. ಅದಿಲ್ಲದಿದ್ದರೆ ಸಾಲುಗಳ ಕ್ರಮಸಂಖ್ಯೆ ಹಿಡಿದು, ಹಿಂದುಮುಂದಿನ ಸಾಲುಗಳ ಸಮಯಕ್ಕೆ ಹೋಲಿಸಿ. ಸರಿಪಡಿಸಿದ ಮೌಲ್ಯವನ್ನು ಹೊಸ ಕಾಲಂನಲ್ಲಿ ಬರೆಯಿರಿ, ಹಳೆಯ ಕಾಲಂ ಮುಟ್ಟಬೇಡಿ. ಒಂದು ಬಟವಾಡೆ ಅವಧಿಯ ಹಾಲನ್ನು ಸಂಘದ ಕಾಗದದ ರಿಜಿಸ್ಟರ್‌ನೊಂದಿಗೆ ದಿನವಾರು ತಾಳೆ ನೋಡಿದ ಮೇಲಷ್ಟೇ ವರದಿಗಳನ್ನು ಹೊಸ ಕಾಲಂಗೆ ತಿರುಗಿಸಿ, ಮತ್ತು ಆ ದಿನವೇ 330 ಕೂಡಿಸುವ ಸಾಲನ್ನು ಕೋಡ್‌ನಿಂದ ಅಳಿಸಿ.